ಮೇಷ್ಟ್ರಿಲ್ಲದ ಶಾಲೆ, ಕೆಲಸವಿಲ್ಲದ ಮೇಷ್ಟ್ರು

ಜೂನ್ ತಿಂಗಳು. ಶಾಲೆ ಶುರುವಾದ ವಾರ. ಫೋನ್-ಇನ್ ಕಾರ್ಯಕ್ರಮ ನಡೆಸ್ತಾ ಇದ್ದೆ. ಮೊದಲ ಕರೆ ರಾಯಚೂರು ಜಿಲ್ಲೆಯಿಂದ. ಒಬ್ಬ ತಾಯಿ. "ಸರ್, ನಮ್ಮೂರ ಸಾಲ್ಯಾಗ ಗಣಿತದ ಮಾಸ್ತರ್ರೇ ಇಲ್ರಿ. ಹೋದ ವರ್ಷನೂ ಇರ್ಲಿಲ್ಲ. ಮಗಳು ಎಂಟನೇ ಈಯತ್ತೆ. ಏನ್ ಮಾಡ್ಬೇಕು ಹೇಳ್ರಿ" ಅಂದರು. ಹತ್ತು ನಿಮಿಷ ಕಳೆದಿರಲಿಲ್ಲ, ಹಾಸನದ ಕಡೆಯಿಂದ ಒಬ್ಬ ಹುಡುಗನ ಕರೆ. "ಸರ್, ನಾನು ಬಿ.ಎಸ್ಸಿ., ಬಿ.ಇಡಿ., ಗಣಿತ. ಟಿಇಟಿ ಪಾಸಾಗಿದೀನಿ. ವಯಸ್ಸು ಮೂವತ್ತೊಂದು. ಗೆಸ್ಟ್ ಟೀಚರ್ ಆಗಿ ನಾಲ್ಕು ವರ್ಷ ಆಯ್ತು. ಈ ಸಲ ಕರೀತಾರೋ ಇಲ್ವೋ ಗೊತ್ತಿಲ್ಲ."

ಸ್ಟುಡಿಯೋದಲ್ಲಿ ಕೂತು ಒಂದು ಕ್ಷಣ ಏನು ಮಾತಾಡಬೇಕೋ ತೋಚಲಿಲ್ಲ. ಒಂದು ಕಡೆ ಮೇಷ್ಟ್ರಿಲ್ಲದ ಶಾಲೆ. ಇನ್ನೊಂದು ಕಡೆ ಶಾಲೆಯಿಲ್ಲದ ಮೇಷ್ಟ್ರು. ಇಬ್ಬರೂ ಇದೇ ರಾಜ್ಯದವರು. ಇಬ್ಬರ ಸಮಸ್ಯೆಗೂ ಉತ್ತರ ಒಂದೇ. ಆದರೂ ಆ ಉತ್ತರ ವರ್ಷಗಟ್ಟಲೆ ಫೈಲಿನಿಂದ ಫೈಲಿಗೆ ಓಡಾಡ್ತಾ ಇರುತ್ತೆ. ಅವತ್ತು ರಾತ್ರಿ ಮನೆಗೆ ಹೋದ ಮೇಲೆ ಈ ಕಥೆ ಎಲ್ಲಿಂದ ಶುರುವಾಯ್ತು ಅಂತ ಹಳೇ ಪುಸ್ತಕ ತೆಗೆದು ಕೂತೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತೀನಿ.

ಶಾಲೆ ನಡೆಸೋದು ಸರ್ಕಾರದ ಕೆಲಸ ಅನ್ನೋ ಯೋಚನೆಯೇ ನಮ್ಮಲ್ಲಿ ಅಷ್ಟು ಹಳೆಯದಲ್ಲ. ಕೂಲಿಮಠಗಳಲ್ಲಿ ಅಯ್ಯನವರಿಗೆ ಊರವರೇ ಭತ್ತ, ರಾಗಿ, ಒಂದಿಷ್ಟು ಕಾಸು ಕೊಡ್ತಿದ್ದರು. 1854ರಲ್ಲಿ ವುಡ್ ಅವರ ಶಿಕ್ಷಣ ವರದಿ ಬಂತು. ಖಾಸಗಿಯವರು ನಡೆಸೋ ಶಾಲೆಗೆ ಸರ್ಕಾರ ಅನುದಾನ ಕೊಡುವ ಪದ್ಧತಿಗೆ ಬೇರು ಅಲ್ಲಿದೆ. ಇವತ್ತು 'ಅನುದಾನಿತ', 'ಅನುದಾನರಹಿತ' ಅಂತ ನಾವು ಜಗಳ ಆಡ್ತೀವಲ್ಲ, 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಅಂತ ಮೇಷ್ಟ್ರುಗಳು ಧರಣಿ ಕೂರ್ತಾರಲ್ಲ, ಅದರ ಅಜ್ಜ ಈ ವರದಿ. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು.

ಆಮೇಲೆ ಬಂದವರು ಬಿ.ಎಲ್. ರೈಸ್. ಶಾಸನಗಳನ್ನು ಹುಡುಕಿ ಸಂಪುಟಗಳಾಗಿ ಅಚ್ಚು ಹಾಕಿಸಿದ ಅದೇ ರೈಸ್. ಅವರ ಇನ್ನೊಂದು ಕೆಲಸ ನಮಗೆ ಅಷ್ಟಾಗಿ ನೆನಪಿಲ್ಲ. 1868ರಲ್ಲಿ ಅವರು ಹೋಬಳಿ ಶಾಲೆಗಳ ಯೋಜನೆ ತಂದರು. ಹೋಬಳಿಗೊಂದು ಶಾಲೆ, ಅದಕ್ಕೆ ಊರಿನ ಕಡೆಯವರೇ ಮೇಷ್ಟ್ರು, ಅವರಿಗೆ ಮೊದಲು ತರಬೇತಿ, ಕಂದಾಯದ ಜೊತೆ ವಸೂಲಾಗುವ ಸ್ಥಳೀಯ ನಿಧಿಯಿಂದ ಹಣ. ಗಮನಿಸಿ, ಕಟ್ಟಡ, ಮೇಷ್ಟ್ರು, ದುಡ್ಡು ಈ ಮೂರನ್ನೂ ಒಟ್ಟಿಗೆ ಯೋಚಿಸಿದ್ದರು. ನೂರೈವತ್ತು ವರ್ಷಗಳ ಹಿಂದೆ! ನಾವೀಗ ಕಟ್ಟಡಕ್ಕೆ ಒಂದು ಯೋಜನೆ, ಮೇಷ್ಟ್ರಿಗೆ ಇನ್ನೊಂದು ಅಧಿಸೂಚನೆ, ದುಡ್ಡಿಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಅಂತ ಮೂರು ಬಾಗಿಲು ತಟ್ಟುತ್ತೀವಿ.

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಜನ ಅವರನ್ನು ಕನ್ನಂಬಾಡಿ ಕಟ್ಟೆಯಿಂದ ನೆನೆಸಿಕೊಳ್ತಾರೆ. ಆದರೆ 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಬಂದದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಎರಡೂ ಅವರ ಕಾಲದಲ್ಲೇ. ಅವರ ಆರು ವರ್ಷಗಳಲ್ಲಿ ಶಾಲೆಗಳ ಸಂಖ್ಯೆ ದುಪ್ಪಟ್ಟು ದಾಟಿತು.

ಆಗ ಒಂದು ದೊಡ್ಡ ಪ್ರಶ್ನೆ ಎದ್ದಿತು. ಓದಿದವರಿಗೆಲ್ಲ ಕೆಲಸ ಯಾರಿಗೆ ಸಿಗ್ತಾ ಇದೆ? ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದವರ ಕೈಲಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮಹಾರಾಜರ ಹತ್ತಿರ ದೂರು ಹೋಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಆಗಲಿಲ್ಲ, ಅರ್ಹತೆಯೇ ಮಾನದಂಡ ಆಗಬೇಕು ಅಂತ ಅವರ ವಾದ. ರಾಜೀನಾಮೆ ಕೊಟ್ಟು ಹೊರಗೆ ಬಂದರು. ಸಮಿತಿ ಹೇಳಿದ್ದೇನು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗುವ ಹಾಗೆ ಆಗಬೇಕು ಅಂತ. ಅದರ ಜೊತೆಗೇ ಹಿಂದುಳಿದ ಮಕ್ಕಳಿಗೆ ವಿದ್ಯಾರ್ಥಿವೇತನದ ಮಾತೂ ಇತ್ತು.

ಯಾರು ಸರಿ, ಯಾರು ತಪ್ಪು ಅಂತ ಇವತ್ತಿಗೂ ಜಗಳ ಆಡಬಹುದು. ನಾನು ಹೇಳೋದು ಬೇರೆ. ಮೈಸೂರಿನ ರಾಜ ನೂರು ವರ್ಷಗಳ ಹಿಂದೆಯೇ ಒಂದು ವಿಷಯ ಅರ್ಥ ಮಾಡಿಕೊಂಡಿದ್ದರು. ಶಾಲೆ ಕಟ್ಟಿ ಕೈತೊಳೆದುಕೊಂಡರೆ ಆಗಲಿಲ್ಲ, ಆ ಶಾಲೆಯಿಂದ ಹೊರಗೆ ಬಂದ ಹುಡುಗನಿಗೆ ಮುಂದೆ ಏನು ಅಂತಲೂ ಸರ್ಕಾರವೇ ಉತ್ತರ ಹೇಳಬೇಕು. ಶಿಕ್ಷಣ ಮತ್ತು ಉದ್ಯೋಗ ಒಂದೇ ಹಗ್ಗದ ಎರಡು ತುದಿ.

ಏಕೀಕರಣ ಆದಾಗ, 1956ರಲ್ಲಿ, ಈ ಹಗ್ಗದ ಒಂದು ತುದಿ ತುಂಬಾ ಸಣ್ಣದಿತ್ತು. ನಿಜಾಮನ ಆಡಳಿತದಿಂದ ಬಂದ ಜಿಲ್ಲೆಗಳಲ್ಲಿ ಕನ್ನಡ ಶಾಲೆಗಳೇ ಕಡಿಮೆ. ಅಲ್ಲಿ ಆಡಳಿತದ ಭಾಷೆ ಉರ್ದು. ಹಳೇ ಮೈಸೂರಿನವರು ಮೂರು ತಲೆಮಾರು ಓದಿ ಮುಗಿಸಿದ್ದಾಗ ಕಲಬುರಗಿ, ರಾಯಚೂರು ಕಡೆ ಮೊದಲ ತಲೆಮಾರು ಸ್ಲೇಟು ಹಿಡಿದಿತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 114 ತಾಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವೇ. ನನಗೆ ಫೋನ್ ಮಾಡಿದ ಆ ತಾಯಿ ಬರೀ ಒಂದು ವರ್ಷದ ಮಾತು ಹೇಳಲಿಲ್ಲ, ಒಂದು ಇತಿಹಾಸವನ್ನೇ ಹೇಳಿದರು.

ಈ ನಡುವೆ ದಿಲ್ಲಿಯಲ್ಲಿ ದೊಡ್ಡ ದೊಡ್ಡ ಮಾತುಗಳು ಆದವು. 1964ರಿಂದ 66ರವರೆಗೆ ಕೊಠಾರಿ ಆಯೋಗ ಕೂತು, ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಇಡಿ ಅಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇಕಡಾ 6ರ ಮಾತು ಹೇಳಿತು. ಅಂದರೆ ಐವತ್ತು ವರ್ಷ ದಾಟಿದರೂ ಗುರಿ ಗುರಿಯಾಗೇ ಉಳಿದಿದೆ. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಅನ್ನೋದು ಅದರ ಆಸೆ. ಕನಿಷ್ಠ ಇಬ್ಬರು! ಅದನ್ನೂ ಒಂದು ರಾಷ್ಟ್ರೀಯ ಯೋಜನೆ ಮಾಡಿ ಕೇಳಬೇಕಾಯ್ತು.

ಯಾಕೆ ಅಂತ ನನಗೆ ಗೊತ್ತು. ನಾನು ಓದಿದ್ದು ಏಕೋಪಾಧ್ಯಾಯ ಶಾಲೆಯಲ್ಲಿ. ಒಂದು ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಅವರು ಜನಗಣತಿಗೆ ಹೋದರೆ ನಮಗೆ ರಜ. ಅವರಿಗೆ ಜ್ವರ ಬಂದರೂ ರಜ. ನಾವು ಮಕ್ಕಳು ಖುಷಿಯಾಗಿ ಹುಣಸೆಮರದ ಕೆಳಗೆ ಆಡ್ತಿದ್ದೆವು. ಕಳೆದುಕೊಂಡದ್ದು ಏನು ಅಂತ ಗೊತ್ತಾಗಿದ್ದು ಪಟ್ಟಣದ ಹೈಸ್ಕೂಲಿಗೆ ಹೋಗಿ ಭಿನ್ನರಾಶಿ ಲೆಕ್ಕದ ಮುಂದೆ ಕಣ್ಣುಬಾಯಿ ಬಿಟ್ಟಾಗ.

ಈಗ ನಮ್ಮ ಅಕ್ಕನ ವಿಷಯ ಹೇಳಬೇಕು. ಅಕ್ಕ ಟಿಸಿಎಚ್ ಮುಗಿಸಿ ಮನೆಯಲ್ಲಿ ಕೂತಿದ್ದಳು. ಮೇಷ್ಟ್ರ ಕೆಲಸ ಬೇಕು ಅಂದರೆ ಹಣ ಬೇಕು ಅಂತ ಊರೆಲ್ಲ ಮಾತು. ಅಪ್ಪ ಎರಡು ಎಕರೆ ಹೊಲ ಮಾರೋಕೆ ಗಿರಾಕಿ ಹುಡುಕ್ತಾ ಇದ್ದರು. ಆ ಹೊತ್ತಿಗೆ, 1994ರ ಕೊನೆಯಲ್ಲಿ, ಸರ್ಕಾರ ಬದಲಾಗಿ ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾದರು. ದೇವೇಗೌಡರ ಸಂಪುಟದಲ್ಲಿ, ಆಮೇಲೆ ಜೆ.ಎಚ್. ಪಟೇಲರ ಸಂಪುಟದಲ್ಲಿ. ಆ ಐದು ವರ್ಷದಲ್ಲಿ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ ಆಯ್ತು. ಸಂದರ್ಶನ ಇಲ್ಲ, ಅಂಕದ ಮೇಲೆ ಪಟ್ಟಿ. ಶಿಫಾರಸು ಪತ್ರ ಹಿಡಿದು ಬಂದವರಿಗೆ ಅಲ್ಲಿ ದಾರಿ ಇರಲಿಲ್ಲ.

ಅಕ್ಕನ ಹೆಸರು ಪಟ್ಟಿಯಲ್ಲಿ ಬಂತು. ಅಪ್ಪನಿಗೆ ನಂಬಿಕೆ ಬರಲಿಲ್ಲ. "ಯಾರಾದ್ರೂ ಬಂದು ಕೇಳ್ತಾರೆ ಇರು" ಅಂತ ಒಂದು ತಿಂಗಳು ಕಾದರು. ಯಾರೂ ಒಂದು ಲೋಟ ಕಾಫಿ ಕೂಡ ಕೇಳಲಿಲ್ಲ. ಆ ಎರಡು ಎಕರೆ ಹೊಲ ಇವತ್ತಿಗೂ ನಮ್ಮ ಮನೆಯಲ್ಲಿದೆ. ರಾಜಕಾರಣಿಗಳನ್ನು ಬೈಯೋದೇ ನನ್ನ ಕಸುಬು ಅಂತ ನೀವು ಅಂದುಕೊಂಡಿದ್ದೀರಿ. ಆದರೆ 2016ರ ಜನವರಿಯಲ್ಲಿ ಗೋವಿಂದೇಗೌಡರು ತೀರಿಕೊಂಡ ಸುದ್ದಿ ಓದುವಾಗ ನನ್ನ ದನಿ ಸ್ವಲ್ಪ ನಡುಗಿದ್ದು ನಿಜ.

ಒಂದು ಪ್ರಾಮಾಣಿಕ ನೇಮಕಾತಿ ಏನು ಮಾಡುತ್ತೆ ನೋಡಿ. ಒಂದು ಲಕ್ಷ ಮನೆಗೆ ಅನ್ನ ಕೊಡ್ತು, ಅದು ಯುವಜನರ ಉದ್ಯೋಗ ನೀತಿ. ಒಂದು ಲಕ್ಷ ಮೇಷ್ಟ್ರನ್ನು ತರಗತಿಗೆ ಕಳಿಸಿತು, ಅದು ಶಿಕ್ಷಣ ನೀತಿ. ಒಂದೇ ಕಲ್ಲಿಗೆ ಎರಡು ಹಣ್ಣು. ಇದರ ಎದುರಿಗೆ ಇನ್ನೊಂದು ಚಿತ್ರ ಇಡಿ. 2012-13 ಮತ್ತು 2014-15ರ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಅಕ್ರಮ ಆಗಿದೆ ಅಂತ 2022ರಲ್ಲಿ ಸಿಐಡಿ ಹಲವು ಶಿಕ್ಷಕರನ್ನು ಬಂಧಿಸಿತು. ಪಾಠ ಹೇಳ್ತಿದ್ದವರನ್ನು ಪೊಲೀಸರು ಕರೆದುಕೊಂಡು ಹೋಗೋದನ್ನ ಮಕ್ಕಳು ನೋಡಬೇಕಾಯ್ತು ಅಂದರೆ, ಅದಕ್ಕಿಂತ ಕೆಟ್ಟ ಪಾಠ ಯಾವುದಿದೆ?

ಈಗಿನ ಕಥೆಗೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕು ಅಂತ ಕಾನೂನೇ ಹೇಳುತ್ತೆ. 2022ರಲ್ಲಿ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೀತು. ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪ್ರಮಾಣಪತ್ರ ತಂದೆಯದ್ದೋ ಗಂಡನದ್ದೋ ಅನ್ನೋ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿತು. ಅಭ್ಯರ್ಥಿಗಳು ಕಾದರು. ಶಾಲೆಗಳೂ ಕಾದವು. ಕಾಯೋ ಹೊತ್ತಿನಲ್ಲಿ ತರಗತಿಯನ್ನು ನಡೆಸಿದವರು ಅತಿಥಿ ಶಿಕ್ಷಕರು.

ಅತಿಥಿ! ಎಂಥಾ ಶಬ್ದ ನೋಡಿ. ನಮ್ಮ ಮನೆಗೆ ಅತಿಥಿ ಬಂದರೆ ಊಟ ಹಾಕಿ ಕಳಿಸ್ತೀವಿ. ಇಲ್ಲಿ ಅತಿಥಿಯೇ ವರ್ಷಪೂರ್ತಿ ಮನೆ ನಡೆಸಬೇಕು. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಜೂನ್ ಬಂದರೆ ಮತ್ತೆ ಹೊಸದಾಗಿ ಅರ್ಜಿ.

ಇನ್ನೊಂದು ಕಡೆ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯ್ತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಇದು ಹೊಸ ಯೋಚನೆ ಅಂತ ತಿಳಿಯಬೇಡಿ. 1970ರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲೂ ಸ್ಟೈಪೆಂಡರಿ ಯೋಜನೆ ಇತ್ತು. ಆದರೆ ಒಂದು ವ್ಯತ್ಯಾಸ ಇದೆ. ಆಗ ನಿರುದ್ಯೋಗಿ ಪದವೀಧರನಿಗೆ ಒಂದಿಷ್ಟು ದುಡ್ಡು ಕೊಟ್ಟು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಹಚ್ಚುತ್ತಿದ್ದರು. ಈಗ ದುಡ್ಡು ಖಾತೆಗೆ ಬರುತ್ತೆ, ಕೆಲಸ ಬರಲ್ಲ. ಯುವನಿಧಿ ಬೇಡ ಅಂತ ನಾನು ಹೇಳ್ತಾ ಇಲ್ಲ. ಪರೀಕ್ಷೆ ಶುಲ್ಕ ಕಟ್ಟೋಕೆ ಮನೆಯಲ್ಲಿ ಕೈಚಾಚಬೇಕಾದ ಹುಡುಗಿಗೆ ಆ ಮೂರು ಸಾವಿರದ ಬೆಲೆ ಗೊತ್ತು. ಆದರೆ ಕೆಲಸ ಇಲ್ಲದಿದ್ದಕ್ಕೆ ದುಡ್ಡು ಕೊಡೋ ಸರ್ಕಾರದ ಹತ್ತಿರವೇ ಖಾಲಿ ಹುದ್ದೆಗಳ ರಾಶಿ ಇದ್ದರೆ, ಅದಕ್ಕೆ ಏನನ್ನಬೇಕು?

ಆರ್ಥಿಕ ಇಲಾಖೆಯವರ ಉತ್ತರ ನನಗೆ ಗೊತ್ತು. ಸರ್ಕಾರಿ ಶಾಲೆಗೆ ಮಕ್ಕಳೇ ಬರ್ತಿಲ್ಲ, ಒಬ್ಬ ಕಾಯಂ ಶಿಕ್ಷಕ ಅಂದರೆ ಮೂವತ್ತು ವರ್ಷದ ಸಂಬಳದ ಹೊರೆ, ಕೆಲವು ಕಡೆ ಶಿಕ್ಷಕರು ಹೆಚ್ಚುವರಿ ಇದ್ದಾರೆ ಅಂತಾರೆ. ಈ ಮಾತಲ್ಲಿ ಸತ್ಯ ಇಲ್ಲದೇ ಇಲ್ಲ. ಹತ್ತು ಮಕ್ಕಳಿರೋ ಶಾಲೆಯೂ ಇದೆ, ಪಟ್ಟಣದ ಪಕ್ಕದ ಶಾಲೆಗೆ ವರ್ಗ ಮಾಡಿಸಿಕೊಳ್ಳೋ ಪೈಪೋಟಿಯೂ ಇದೆ. ಆದರೆ ಮಕ್ಕಳು ಯಾಕೆ ಬರ್ತಿಲ್ಲ ಅಂತ ಕೇಳಿದ್ದೀರಾ? 2002ರಲ್ಲಿ ಬಿಸಿಯೂಟ ಬಂತು, ಮಕ್ಕಳು ಬಂದರು. 2006ರಲ್ಲಿ ಸೈಕಲ್ ಬಂತು, ಹೆಣ್ಣುಮಕ್ಕಳು ಹೈಸ್ಕೂಲಿಗೆ ತುಳಿದುಕೊಂಡು ಹೋದರು. ಊಟ ಹಾಕಿ, ಸೈಕಲ್ ಕೊಟ್ಟು ಕರೆತಂದ ಮಗುವಿಗೆ ಗಣಿತ ಹೇಳಿಕೊಡೋರು ಇಲ್ಲ ಅಂದರೆ ಯಾವ ತಾಯಿ ಕಾಯ್ತಾಳೆ? ಸಾಲ ಮಾಡಿಯಾದರೂ ಖಾಸಗಿ ಶಾಲೆಯ ವ್ಯಾನು ಹತ್ತಿಸ್ತಾಳೆ.

ಕೊನೆಗೆ ಒಂದು ಲೆಕ್ಕ. ತೊಂಬತ್ತರ ದಶಕದಲ್ಲಿ ಸೇರಿದ ಆ ಲಕ್ಷ ಶಿಕ್ಷಕರು ಅರವತ್ತು ತುಂಬಿ ಒಬ್ಬೊಬ್ಬರಾಗಿ ಮನೆಗೆ ಹೋಗ್ತಾ ಇದ್ದಾರೆ. ಇದು ಭೂಕಂಪ ಅಲ್ಲ, ಪ್ರವಾಹ ಅಲ್ಲ, ದಿಢೀರ್ ಅಂತ ಬರೋಕೆ. ಪ್ರತಿಯೊಬ್ಬರ ಹುಟ್ಟಿದ ದಿನಾಂಕ ಸೇವಾ ಪುಸ್ತಕದಲ್ಲಿದೆ. ಯಾವ ತಾಲೂಕಿನಲ್ಲಿ, ಯಾವ ವಿಷಯದ ಮೇಷ್ಟ್ರು, ಯಾವ ತಿಂಗಳು ನಿವೃತ್ತಿ ಅಂತ ಇಲಾಖೆಗೆ ಇವತ್ತೇ ಗೊತ್ತು. ಹಾಗಿದ್ದ ಮೇಲೆ ಒಂದು ವರ್ಷ ಮೊದಲೇ ನೇಮಕಾತಿ ಶುರು ಮಾಡೋಕೆ ಏನು ಕಷ್ಟ? ಆ ಪಟ್ಟಿಯನ್ನು ತಾಲೂಕುವಾರು ಪ್ರಕಟ ಮಾಡಿ. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳೂ ಗೌರವಧನ ಕೊಡಿ. ನಾನು ಕೇಳ್ತಿರೋದು ಇಷ್ಟೇ.

ನಮ್ಮ ಅಕ್ಕನೂ ಇನ್ನೇನು ನಿವೃತ್ತಿ ಆಗ್ತಾಳೆ. ಮೊನ್ನೆ ಊರಿಗೆ ಹೋದಾಗ, "ಬೀಳ್ಕೊಡುಗೆಗೆ ಏನು ಬೇಕೇ ಅಕ್ಕ?" ಅಂದೆ. ಶಾಲು, ಹಾರ, ಫಲತಾಂಬೂಲ ಅಂತ ಏನಾದರೂ ಹೇಳ್ತಾಳೆ ಅಂದುಕೊಂಡಿದ್ದೆ. ಅವಳು ಕಾಪಿ ತಿದ್ದೋದು ನಿಲ್ಲಿಸದೆ ಹೇಳಿದಳು: "ನನ್ನ ಜಾಗಕ್ಕೆ ಯಾರು ಬರ್ತಾರೆ ಅಂತ ಕೇಳಿ ಹೇಳೋ. ಐದನೇ ಕ್ಲಾಸಿನ ಮಕ್ಕಳಿಗೆ ಭಿನ್ನರಾಶಿ ಇನ್ನೂ ಅರ್ಧ ಉಳಿದಿದೆ."

ನಾನಿನ್ನೂ ಅಕ್ಕನಿಗೆ ಉತ್ತರ ಹೇಳಿಲ್ಲ.