ಪ್ಲೇಗು, ಗಿರಣಿ ಮತ್ತು ದಿನದ ಪಗಾರ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ, ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದ ನಗರದಿಂದ ಸುಮಾರು ಅರ್ಧದಷ್ಟು ಮಂದಿ ಗಂಟುಮೂಟೆ ಕಟ್ಟಿದರು. ಗಿರಣಿಗಳಲ್ಲಿ ಯಂತ್ರಗಳಿದ್ದವು, ನಡೆಸುವ ಕೈಗಳು ಸಾಲದಾದವು.

ಅದುವರೆಗೆ ಪಗಾರ ತಿಂಗಳಿಗೊಮ್ಮೆ, ಅದೂ ವಾರಗಟ್ಟಲೆ ತಡೆದು. ಬಾಕಿ ಹಣದ ಆಸೆಗೆ ಕೆಲಸಗಾರ ಗಿರಣಿ ಬಿಡುತ್ತಿರಲಿಲ್ಲ. ಸಾವಿನ ಭಯದ ಮುಂದೆ ಆ ಉಪಾಯ ನಡೆಯಲಿಲ್ಲ. ಊರಲ್ಲಿ ಉಳಿದವರು ಅಂದಿನ ಕೂಲಿಯನ್ನು ಅಂದೇ ಕೇಳಿದರು. ಗಿರಣಿಯವರು ಬೀದಿಮೂಲೆಗಳಲ್ಲಿ ಪೈಪೋಟಿಗಿಳಿದು ಕೂಲಿ ಏರಿಸಿದರು.

1897ರ ಜನವರಿ 10ರಂದು ವಾಲ್ಡೆಮಾರ್ ಹಾಫ್‌ಕಿನ್ ತಾವು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿಬೆಳಕಿಗೆಂದು ರಸ್ತೆಗಳು ಅಗಲವಾದವು. ಕೆಡವಿದಷ್ಟು ಖೋಲಿಗಳು ಮಾತ್ರ ಮತ್ತೆ ಏಳಲಿಲ್ಲ. ಭಯ ಇಳಿದಂತೆ ಮಾಲೀಕರು ತಿಂಗಳ ಪಗಾರಕ್ಕೇ ಮರಳಿದರು.

2020ರ ಲಾಕ್‌ಡೌನಿನ ನಂತರವೂ ಊರಿಗೆ ಹೋದ ಕೂಲಿಗಳನ್ನು ಕರೆಸಲು ಗುತ್ತಿಗೆದಾರರು ಮುಂಗಡ ಕೊಟ್ಟರು, ಟಿಕೆಟು ಕಳಿಸಿದರು. ಬಾಗಿಲು ತೆರೆಯಲು ಸರ್ಕಾರದ ಆದೇಶ ಸಾಕು. ಒಳಗೆ ಬರುವವನು ಕೇಳುವುದು ಬೇರೆ: ಮಲಗಲು ಗಾಳಿಯಾಡುವ ಖೋಲಿ, ಕೈಗೆ ಬರುವ ಕೂಲಿ. ಅದನ್ನು ಕಷ್ಟಕಾಲದಲ್ಲಷ್ಟೇ ಕೊಡುವುದು ಈ ಊರಿನ ಹಳೆಯ ಚಾಳಿ.