ಡೆ ಸ್ಮೆಟ್ (ಅಡ್ಡಹೆಸರು)

ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನಲ್ಲಿ ಹೇರಳವಾಗಿ ಕೇಳಿಬರುವ ಅಡ್ಡಹೆಸರು. ಅರ್ಥ ಕಮ್ಮಾರ. ಉತ್ತರ ಕರ್ನಾಟಕದ ಕಮ್ಮಾರ, ಬಡಿಗೇರ, ಪತ್ತಾರರ ಹಾಗೆ ಇದೂ ಕಸುಬಿನಿಂದ ಬಂದದ್ದು. ಕುಲುಮೆ ಇದ್ದ ಊರುಗಳಲ್ಲೆಲ್ಲ ಬೇರೆಬೇರೆಯಾಗಿ ಹುಟ್ಟಿಕೊಂಡ ಹೆಸರಾದ್ದರಿಂದ ಇವರೆಲ್ಲ ಒಂದೇ ವಂಶದವರಲ್ಲ. ಡೆಸ್ಮೆಟ್, ಡೆ ಸ್ಮೆಡ್ಟ್ ಇದರದೇ ರೂಪಗಳು. 1795ರಲ್ಲಿ ಈ ನಾಡು ಫ್ರಾನ್ಸಿನ ವಶವಾಗಿ ಜನನ ಮರಣಗಳ ದಾಖಲೆ ಸರ್ಕಾರದ ಕೈಗೆ ಬಂದ ಮೇಲೆ, ಗುಮಾಸ್ತ ಬರೆದ ಕಾಗುಣಿತವೇ ಮನೆತನಗಳಿಗೆ ಅಂಟಿಕೊಂಡಿತು. ತಮಾಷೆಯೆಂದರೆ, ಇಂದಿನ ಡಚ್ ಭಾಷೆಯಲ್ಲಿ ‘ಸ್ಮೆಟ್’ ಎಂದರೆ ಕಲೆ, ಕಳಂಕ.

ಹೆಸರನ್ನು ಕಡಲಾಚೆಗೆ ಒಯ್ದವರಲ್ಲಿ ಪ್ರಸಿದ್ಧನಾದವನು ಪಿಯೆರ್-ಜಾನ್ ಡೆ ಸ್ಮೆಟ್ (1801–1873). ಡೆಂಡರ್‌ಮಾಂಡೆಯಲ್ಲಿ ಹುಟ್ಟಿದ ಈತ 1821ರಲ್ಲಿ ಅಮೆರಿಕಕ್ಕೆ ಹೋಗಿ ಜೆಸ್ಯುಯಿಟ್ ಪಾದ್ರಿಯಾದ; 1841ರಲ್ಲಿ ಈಗಿನ ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿ ಸೇಂಟ್ ಮೇರಿ ಮಿಷನ್ ಕಟ್ಟಿದ. ಮೂಲನಿವಾಸಿಗಳ ಬಾಯಲ್ಲಿ ಜೆಸ್ಯುಯಿಟರು ‘ಕಪ್ಪಂಗಿ’ಗಳು. 1868ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಮೇರಿಮಾತೆಯ ಚಿತ್ರವಿದ್ದ ಬಾವುಟ ಹಿಡಿಸಿಕೊಂಡು, ಅಮೆರಿಕ ಸರ್ಕಾರದೊಡನೆ ಕಾದಾಡುತ್ತಿದ್ದ ಲಕೋಟಾ ನಾಯಕ ಸಿಟ್ಟಿಂಗ್ ಬುಲ್‌ನ ಬಿಡಾರಕ್ಕೇ ಹೋಗಿ ಸಂಧಾನದ ಮಾತಾಡಿದ. ಸಿಟ್ಟಿಂಗ್ ಬುಲ್ ಶಾಂತಿ ಒಪ್ಪಂದಕ್ಕೆ ತಾನು ಸಹಿ ಹಾಕಲಿಲ್ಲ, ಗಾಲ್ ಎಂಬ ನಾಯಕನನ್ನು ಕಳಿಸಿದ. ಒಪ್ಪಂದವನ್ನು ಮುರಿದದ್ದು ಸರ್ಕಾರವೇ. ಒಪ್ಪಂದದಲ್ಲಿ ಮೂಲನಿವಾಸಿಗಳಿಗೆ ಬಿಟ್ಟುಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಚಿನ್ನ ಕಂಡು ಅದು ಮುರಿದುಬಿದ್ದಾಗ ಪಾದ್ರಿ ಬದುಕಿರಲಿಲ್ಲ. ಮೂಲನಿವಾಸಿಗಳ ನೆಲ ಕೈತಪ್ಪಿದ ಕಥೆಯಲ್ಲಿ ಈತನ ಪಾತ್ರವನ್ನು ಬರಿಯ ಶಾಂತಿದೂತನದೆಂದು ಹೊಗಳಿ ಮುಗಿಸುವಂತಿಲ್ಲ. ಇಬ್ಬರು ಮೂಲನಿವಾಸಿಗಳ ಮುಂದೆ ಈತ ಶಿಲುಬೆ ಎತ್ತಿ ನಿಂತಿದ್ದ ಶಿಲ್ಪವನ್ನು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 2015ರಲ್ಲಿ ಅದಿದ್ದ ಬಯಲಿನಿಂದ ತೆಗೆಸಿತು. ದಕ್ಷಿಣ ಡಕೋಟಾದಲ್ಲಿ ಈತನ ಹೆಸರಿನ ಊರಿದೆ. ಲಾರಾ ಇಂಗಲ್ಸ್ ವೈಲ್ಡರ್ ಅವರ ಕೆಲವು ಮಕ್ಕಳ ಕಾದಂಬರಿಗಳು ನಡೆಯುವ ಊರು ಅದೇ.

ಗೆಂಟ್ ನಗರದ ಪಾಲ್ ಡೆ ಸ್ಮೆಟ್ ಡೆ ನೇಯರ್ (1843–1913) ಎರಡು ಸಲ ಬೆಲ್ಜಿಯಂನ ಪ್ರಧಾನಿ. ಅದೇ ನಗರದ ಗುಸ್ತಾವ್ ಡೆ ಸ್ಮೆಟ್ (1877–1943) ಚಿತ್ರಕಾರ. ಮೊದಲ ಮಹಾಯುದ್ಧದಲ್ಲಿ ಹಾಲೆಂಡಿಗೆ ಓಡಿಹೋಗಿದ್ದಾಗ ಈತನ ಕುಂಚ ಬದಲಾಯಿತು. ತಿಳಿಬಣ್ಣದ ಇಂಪ್ರೆಷನಿಸಂ ಬಿಟ್ಟು, ದಪ್ಪ ರೇಖೆಗಳ, ಮಣ್ಣುಬಣ್ಣದ ಹಳ್ಳಿಗರನ್ನು ಬರೆಯತೊಡಗಿದ. ತಮ್ಮ ಲಿಯೋನ್ (1881–1966) ಕೂಡ ಚಿತ್ರಕಾರನೇ.

ಭಾರತಕ್ಕೆ ಹತ್ತಿರದವನು ರಿಚರ್ಡ್ ಡೆ ಸ್ಮೆಟ್ (1916–1997). ಜೆಸ್ಯುಯಿಟ್ ಆಗಿದ್ದೂ ಶಂಕರಾಚಾರ್ಯರ ಅಧ್ಯಯನಕ್ಕೆ ಬದುಕನ್ನು ಮೀಸಲಿಟ್ಟ. ಶಂಕರರು ತಾರ್ಕಿಕರಿಗಿಂತ ಮೊದಲು ಶ್ರುತಿವಾದಿಗಳು ಎಂಬುದು ಈತನ ವಾದ. ಪುಣೆಯಲ್ಲಿ ಪಾಠ ಹೇಳುತ್ತ ಭಾರತದ ಪೌರನೇ ಆದ. ಹೆಸರು ಫ್ಲೆಮಿಷ್ ಆದರೂ ಈತ ಹುಟ್ಟಿದ್ದು ಫ್ರೆಂಚ್ ಮಾತಾಡುವ ಶಾರ್ಲರ್ವಾ ಸೀಮೆಯಲ್ಲಿ.