ಪಾಸ್‌ವರ್ಡ್ ತುಂಬುವ ಮೊದಲು ಫೋನು ನೋಡುವ ವಿಳಾಸ

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಬಳಸುತ್ತಿದ್ದರು. ಅವರವರ ಕಡತ ಅವರವರಿಗೇ ಸಿಗಲೆಂದು ಫರ್ನಾಂಡೊ ಕಾರ್ಬಟೊ ಅವರ ತಂಡ ಈ ಉಪಾಯ ಮಾಡಿತು. ಈಗ ನಮಗೆ ಇ-ಮೇಲ್‌ಗೊಂದು, ಬ್ಯಾಂಕಿಗೊಂದು, ಮಕ್ಕಳ ವಿದ್ಯಾರ್ಥಿವೇತನಕ್ಕೊಂದು ಪಾಸ್‌ವರ್ಡ್ ಬೇಕು. ಎಲ್ಲವನ್ನೂ ಒಂದೇ ಬೀಗದೊಳಗೆ ಇಡುವ ಆ್ಯಪ್‌ಗಳೇ ಪಾಸ್‌ವರ್ಡ್ ಮ್ಯಾನೇಜರ್‌ಗಳು.

ಮೊದಮೊದಲು ಮೊಬೈಲಿನಲ್ಲಿ ಅಲ್ಲಿಂದ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಬೇಕಿತ್ತು. ಕಾಪಿ ಮಾಡಿದ್ದನ್ನು ಬೇರೆ ಆ್ಯಪ್‌ಗಳೂ ಓದಬಹುದಿತ್ತು. ಆಂಡ್ರಾಯ್ಡ್‌ನಲ್ಲಿ ಕೆಲವು ಮ್ಯಾನೇಜರ್‌ಗಳು, ಅಂಗವಿಕಲರ ಅನುಕೂಲಕ್ಕೆಂದು ಇದ್ದ ಆಕ್ಸೆಸಿಬಿಲಿಟಿ ಸೌಲಭ್ಯ ಬಳಸಿ, ಪರದೆ ಓದಿ ತುಂಬುತ್ತಿದ್ದವು. 2017ರಲ್ಲಿ ಆಂಡ್ರಾಯ್ಡ್ 8, 2018ರಲ್ಲಿ ಐಫೋನಿನ ಐಒಎಸ್ 12 ಇಂಥ ಆ್ಯಪ್‌ಗಳಿಗೆಂದೇ ಸರಿಯಾದ ದಾರಿ ಮಾಡಿಕೊಟ್ಟವು.

ಈಗ ಲಾಗಿನ್ ಜಾಗ ಮುಟ್ಟಿದರೆ, ಕೇಳುತ್ತಿರುವ ಆ್ಯಪ್ ಯಾವುದು, ವೆಬ್‌ಸೈಟಿನ ವಿಳಾಸ ಏನು ಎಂದು ಫೋನು ಮ್ಯಾನೇಜರ್‌ಗೆ ತಿಳಿಸುತ್ತದೆ. ಉಳಿಸಿಟ್ಟ ವಿಳಾಸಕ್ಕೆ ತಾಳೆಯಾದರೆ ಅದು ಪಾಸ್‌ವರ್ಡ್ ತೋರಿಸುತ್ತದೆ. ನಾವು ಒತ್ತಿದರೆ ತುಂಬುತ್ತದೆ.

ನಕಲಿ ಪುಟ ನಮ್ಮ ಕಣ್ಣಿಗೆ ಅಸಲಿಯಂತೆಯೇ ಕಾಣಬಹುದು, ಆದರೆ ಅದರ ವಿಳಾಸ ಬೇರೆ. ಆದ್ದರಿಂದ, ಮೆಸೇಜಿನಲ್ಲಿ ಬಂದ ಲಿಂಕ್ ತೆರೆದಾಗ ದಿನಾ ಬರುವ ಪಾಸ್‌ವರ್ಡ್ ಬರದಿದ್ದರೆ, ಕೈಯಾರೆ ಟೈಪ್ ಮಾಡುವ ಮೊದಲು ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದೋಣ.